ಎಂಟು ಡಬ್ಬಿ, ಒಂದು ಕಿವಿ

ಮಾಸ್ತರರ ಶ್ರದ್ಧಾಂಜಲಿ ಸಭೆಯಲ್ಲಿ ಮೊದಲು ಮಾತಾಡಿದ ಹಿರಿಯರು ಅವರನ್ನು ‘ಮಿತಭಾಷಿ’ ಎಂದರು. ನನ್ನ ಪಕ್ಕದಲ್ಲಿ ಕೂತಿದ್ದ ಮೆಹಬೂಬಣ್ಣ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡ. ನೋಡಿದವರು ದುಃಖ ಉಕ್ಕಿ ಬಂತು ಅಂದುಕೊಂಡರು. ಎರಡನೆಯವರು ಎದ್ದು, ‘ಎಂದೂ ಯಾರ ಮನಸ್ಸನ್ನೂ ನೋಯಿಸದ ಜೀವ’ ಎಂದರು. ಆಗ ನಾನೂ ಸೆರಗನ್ನು ಬಾಯಿಗೆ ಹಿಡಿಯಬೇಕಾಯಿತು. ಮೂರನೆಯವರು ಏನಂದರೋ ಗೊತ್ತಿಲ್ಲ. ಕೇಳಿಸಿಕೊಂಡಿದ್ದರೆ ಸಭೆಯಿಂದ ಎದ್ದು ಹೊರಗೆ ಓಡಬೇಕಾಗುತ್ತಿತ್ತು.

ಇರಲಿ. ಸತ್ತವರ ಬಗ್ಗೆ ಒಳ್ಳೆಯ ಸುಳ್ಳು ಹೇಳುವುದು ದೊಡ್ಡವರ ಕೆಲಸ. ನನ್ನ ಕೆಲಸ ಬೇರೆ. ಮಾಸ್ತರರಷ್ಟು ಬಾಯಿಬಡುಕ, ಜಂಬಗಾರ, ಕಾಡಿಸುವ ಮನುಷ್ಯ ಬಿಜಾಪುರ ಸೀಮೆಯಲ್ಲಿ ಇನ್ನೊಬ್ಬರಿರಲಿಲ್ಲ. ಬಿಜ್ಜರಗಿಯ ಕುರಿ ಕಾಯುವ ಮನೆತನದಲ್ಲಿ ಹುಟ್ಟಿ, ಊರಿಗೂರೇ ಬೇಡವೆಂದರೂ ಎಲೆಕ್ಟ್ರಾನಿಕ್ಸ್ ಓದಿ, ವಿಜಯಪುರದ ಒಂದು ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಹೆಸರು ಬರೆಯುವುದಿಲ್ಲ. ಬರೆದರೆ ಅವರ ಹಳೆಯ ವಿದ್ಯಾರ್ಥಿಗಳು ಫೋನು ಮಾಡಿ ತಮ್ಮ ತಮ್ಮ ಕಥೆ ಶುರು ಮಾಡುತ್ತಾರೆ, ನನಗೆ ರೊಟ್ಟಿ ಬಡಿಯಲಿಕ್ಕೂ ಪುರಸೊತ್ತು ಸಿಗುವುದಿಲ್ಲ. ನಾವು ಎದುರಿಗೆ ಅವರನ್ನು ‘ಸರ್’ ಎನ್ನುತ್ತಿದ್ದೆವು, ಬೆನ್ನ ಹಿಂದೆ ‘ಡಬ್ಬಿ ಮಾಸ್ತರ’. ಸ್ಪೀಕರುಗಳನ್ನು ಅವರು ಎಂದೂ ಸ್ಪೀಕರು ಎಂದು ಕರೆದವರಲ್ಲ. ಡಬ್ಬಿ, ಅಷ್ಟೇ.

ಪ್ಯಾಂಟನ್ನು ಹೊಟ್ಟೆಯ ಮೇಲಕ್ಕೆ ಎಳೆದು ಕಟ್ಟುತ್ತಿದ್ದರು. ಅಂಗಿಯ ಕಿಸೆಯಲ್ಲಿ ಪೆನ್ನಿನ ಜಾಗದಲ್ಲಿ ಸ್ಕ್ರೂಡ್ರೈವರ್, ಅದರ ಬುಡದಲ್ಲಿ ಅಗಿಯಲಿಕ್ಕೆ ಬಡೇಸೋಪು. ಯಾರಾದರೂ, “ಗೋಳಗುಮ್ಮಟದ ಊರಾಗ ಇದ್ದವರಿಗೆ ಸದ್ದಿನ ಬಗ್ಗೆ ಏನ ಹೇಳ್ತೀರಿ ಸರ್?” ಎಂದರೆ ಸಾಕು, ಬಡೇಸೋಪು ಉಗುಳಿ ಶುರು ಹಚ್ಚುತ್ತಿದ್ದರು: “ಅದು ಹೇಳಿದ್ದನ್ನ ಹೇಳೂ ಮುದಕಪ್ಪ ಐತಿ. ಏಳು ಸಲ ಹೇಳತೈತಿ ಖರೆ, ಹೊಸದೊಂದು ಮಾತು ಹೇಳತೈತೇನ? ನನ್ನ ಡಬ್ಬಿ ನೋಡ್ರಿ. ಸದ್ದು ಕೂತಲ್ಲೆ ಕುಂದ್ರಾಂಗಿಲ್ಲ, ಅಡ್ಡಾಡತದ.”

ನನಗೆ ಅವರ ಪರಿಚಯವಾದದ್ದು ತಿಕೋಟಾದಲ್ಲಿ. ಅಲ್ಲಿನ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ಮಾಸ್ತರರು ವಿಜ್ಞಾನದ ಪ್ರಯೋಗ ತೋರಿಸುತ್ತೇನೆಂದು ಬಂದರು. ಜೊತೆಗೆ ಮೈಕ್‌ಸೆಟ್ ಅಂಗಡಿಯ ಮೆಹಬೂಬಣ್ಣ, ಅವನ ಟೆಂಪೋದಲ್ಲಿ ಎಂಟು ಡಬ್ಬಿ. ಮೈದಾನದಲ್ಲಿ ಎಂಟನ್ನೂ ದುಂಡಗೆ ಇಟ್ಟು, ನಡುವೆ ನಮ್ಮ ಶಿಕ್ಷಕರನ್ನೆಲ್ಲ ಕುರ್ಚಿ ಹಾಕಿ ಕೂರಿಸಿದರು. ಕಣ್ಣು ಮುಚ್ಚಬೇಕು, ಸದ್ದು ಎಲ್ಲಿಂದ ಬಂತೋ ಅಲ್ಲಿಗೆ ಬೆರಳು ತೋರಿಸಬೇಕು. ಇದಕ್ಕೆ ಅವರು ‘ಬೆರಳ ಪರೀಕ್ಷೆ’ ಎನ್ನುತ್ತಿದ್ದರು. ನಾಯಿ ಬೊಗಳಿತು, ತೋರಿಸಿದೆವು. ಸೈಕಲ್ಲಿನ ಗಂಟೆ ಸುತ್ತು ಹಾಕಿತು, ಬೆರಳುಗಳೂ ಸುತ್ತು ಹಾಕಿದವು. ಆಮೇಲೆ ಹೆಡ್‌ಮಾಸ್ತರರ ಬೆನ್ನ ಹಿಂದೆ ಯಾರೋ ಗಟ್ಟಿಯಾಗಿ ಕೆಮ್ಮಿದರು.

“ಯಾವನಲೇ ಅವ, ಹಿಂದ ನಿಂತು ಕೆಮ್ಮಾಂವ? ಶಿಸ್ತ ಐತೋ ಇಲ್ಲೋ?” ಎಂದು ಹೆಡ್‌ಮಾಸ್ತರರು ಎದ್ದು ನಿಂತರು. ಹಿಂದೆ ಯಾರೂ ಇರಲಿಲ್ಲ. ಅದು ಅವರದೇ ಕೆಮ್ಮು. ಚಹಾ ಕುಡಿಯುವಾಗ ಮಾಸ್ತರರು ಗುಟ್ಟಾಗಿ ರೆಕಾರ್ಡ್ ಮಾಡಿಕೊಂಡಿದ್ದರು. ಹೆಡ್‌ಮಾಸ್ತರರು ತಮ್ಮ ಕೆಮ್ಮಿಗೇ ಬೈದದ್ದನ್ನು ನೋಡಿ ನಾನು ನಕ್ಕುಬಿಟ್ಟೆ. ಆ ನಗುವಿಗಾಗಿ ವರ್ಷವಿಡೀ ಕೊನೆಯ ಪೀರಿಯಡ್ಡೆಲ್ಲ ನನ್ನ ಪಾಲಿಗೇ ಬಿತ್ತು.

ಹೊರಡುವಾಗ ಮಾಸ್ತರರು ನನ್ನ ಕಡೆ ಬಂದರು. “ಅಕ್ಕೋರ, ನಿಮ್ಮ ಬೆರಳ ಭಾಳ ಚಲೋ ಅದ. ನಮ್ಮ ನಾಟಕಕ್ಕ ಬರ್ರಿ.”

“ನನಗ ನಟನಿ ಬರೂದಿಲ್ರಿ.”

“ನಟನಿ ಯಾರಿಗೆ ಬೇಕಾಗೇದ? ಬೆರಳ ತಗೊಂಡ ಬರ್ರಿ ಸಾಕು.”

ಹೀಗೆ ನಾನು ಅವರ ‘ಕಿವಿನಾಟಕ’ದ ತಂಡ ಸೇರಿದೆ. ಅದಕ್ಕೆ ರಂಗವಿಲ್ಲ, ಪರದೆಯಿಲ್ಲ, ಬಣ್ಣವಿಲ್ಲ. ಜನ ನಡುವೆ ಕಣ್ಣು ಮುಚ್ಚಿ ಕೂರುತ್ತಾರೆ, ನಾಟಕ ಅವರ ಸುತ್ತ ನಡೆಯುತ್ತದೆ. ಸಿದ್ಧೇಶ್ವರ ಗುಡಿಯ ಹತ್ತಿರ ಬಟ್ಟೆ ಅಂಗಡಿ ಇಟ್ಟಿದ್ದ ಗುರುಬಸಪ್ಪ ನಮ್ಮ ತಂಡದ ರಾಜ, ಖಳನಾಯಕ, ಮತ್ತು ಅಗತ್ಯ ಬಿದ್ದರೆ ಎಮ್ಮೆ. ಮಾಸ್ತರರ ಮನೆಯ ಹಿತ್ತಲಲ್ಲಿ ನಮ್ಮ ತಾಲೀಮು. ಒಂದು ಕಡೆ ಬೇವಿನ ಗಿಡ, ಇನ್ನೊಂದು ಕಡೆ ನೀರಿನ ಟಾಕಿ, ನಡುವೆ ನಾವು. ಮಾಸ್ತರರ ಹೆಂಡತಿ, ನಾವೆಲ್ಲ ‘ವೈನಿ’ ಎನ್ನುತ್ತಿದ್ದವರು, ತಾಟುಗಟ್ಟಲೆ ಒಗ್ಗರಣೆ ಹಾಕಿದ ಚುರಮರಿ ಸೂಸಲಾ ತಂದು ಇಡುತ್ತಿದ್ದರು. ನಿಜ ಹೇಳಬೇಕೆಂದರೆ ಅರ್ಧ ತಂಡ ಆ ಸೂಸಲಾಕ್ಕೇ ಬರುತ್ತಿತ್ತು.

ಸದ್ದನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದಕ್ಕೆ ಮಾಸ್ತರರು ‘ಮೇಯಿಸೋದು’ ಎನ್ನುತ್ತಿದ್ದರು. ಲ್ಯಾಪ್‌ಟಾಪಿನ ಪರದೆಯ ಮೇಲೆ ಒಂದು ವೃತ್ತ, ಅದರಲ್ಲಿ ಒಂದು ಚುಕ್ಕೆ. ಹಳೆಯ ವಿಡಿಯೋಗೇಮಿನ ಕೋಲೊಂದನ್ನು ಅದಕ್ಕೆ ಸಿಕ್ಕಿಸಿದ್ದರು. ಕೋಲು ವಾಲಿಸಿದ ಕಡೆಗೆ ಚುಕ್ಕೆ, ಚುಕ್ಕೆ ಹೋದ ಕಡೆಗೆ ಸದ್ದು. ಆ ಕೋಲಿಗೆ ಅವರಿಟ್ಟ ಹೆಸರು ‘ಬಡಿಗಿ’. “ನಮ್ಮಪ್ಪ ಬಡಿಗಿ ಹಿಡದು ಕುರಿ ಕಾಯ್ದ, ನಾ ಸದ್ದ ಕಾಯಾಕತ್ತೇನಿ. ಕುರೀನರ ಹೇಳಿದಂಗ ಕೇಳತಿದ್ದುವು” ಎನ್ನುತ್ತಿದ್ದರು. ಬಡಿಗಿಯನ್ನು ಇನ್ನೊಬ್ಬರ ಕೈಗೆ ಕೊಟ್ಟವರೇ ಅಲ್ಲ. ಒಮ್ಮೆ ಮೆಹಬೂಬಣ್ಣ ಸುಮ್ಮನೆ ಮುಟ್ಟಿದ್ದಕ್ಕೆ ಒಂದು ವಾರ ಮಾತು ಬಿಟ್ಟಿದ್ದರು. ಆ ವಾರ ನಮಗೆಲ್ಲ ಬಹಳ ಆರಾಮಿತ್ತು.

ನಾನು ಮೊದಮೊದಲು, ಇದರಲ್ಲೇನಿದೆ, ಒಂದು ಡಬ್ಬಿಯ ದನಿ ಇಳಿಸಿ ಪಕ್ಕದ ಡಬ್ಬಿಯ ದನಿ ಏರಿಸಿದರಾಯಿತು ಅಂದುಕೊಂಡಿದ್ದೆ. ಹಾಗೆಯೇ ಅಂದೂಬಿಟ್ಟೆ. ಮಾಸ್ತರರು ನನ್ನನ್ನು ಕಣ್ಣು ಮುಚ್ಚಿಸಿ ಕೂರಿಸಿ, ನಾನು ಹೇಳಿದ ಹಾಗೆಯೇ ಒಂದು ಸ್ಕೂಟರು ಓಡಿಸಿದರು. ಸ್ಕೂಟರು ಚೆನ್ನಾಗಿಯೇ ಬಂತು, ಎರಡು ಡಬ್ಬಿಗಳ ನಡುವೆ ಬಂದಾಗ ಸದ್ದು ಕುಗ್ಗಿತು, ಆಚೆ ಹೋಗಿ ಮತ್ತೆ ಎದ್ದಿತು.

“ಏನಾತ್ರಿ ಅಕ್ಕೋರ?”

“ತಗ್ಗಿನ್ಯಾಗ ಬಿದ್ದಂಗಾತ್ರಿ.”

“ಹಾಂ! ನಿಮ್ಮ ರಸ್ತೆ ತಿಕೋಟಾ ರಸ್ತೆ. ಇನ್ನ ನನ್ನ ರಸ್ತೆ ನೋಡ್ರಿ.” ಈ ಸಲ ಸ್ಕೂಟರು ನನ್ನ ಸುತ್ತ ಎಣ್ಣೆ ಹಚ್ಚಿದಂತೆ ಜಾರಿ ಹೋಯಿತು. “ಒಂದ ಡಬ್ಬಿ ಒದರಿ ಇನ್ನೊಂದು ಸುಮ್ಮ ಕುಂದ್ರೂದಲ್ಲ. ಎಂಟೂ ಕೂಡಿ ಪಲ್ಲಕ್ಕಿ ಹೊತ್ತಂಗ ಹೊರತಾವ. ಹತ್ತರಿದ್ದದ್ದು ಜೋರ, ದೂರ ಇದ್ದದ್ದು ಸಣ್ಣಗ, ಎದುರಿಂದು ಒಂಚೂರು ಉಲ್ಟಾ ಜಗ್ಗತೈತಿ. ಯಾವ ಡಬ್ಬಿ ಮಾತಾಡ್ತು ಅಂತ ನಿಮಗ ಗೊತ್ತಾತೇನು? ಗೊತ್ತಾದ್ರ ನಾ ಸೋತೆ.” ಗೊತ್ತಾಗಿರಲಿಲ್ಲ. ಗೊತ್ತಾಯಿತು ಎಂದು ಸುಳ್ಳು ಹೇಳಿದೆ. ನಂಬಲಿಲ್ಲ.

ಪಲ್ಲಕ್ಕಿಯ ಸುಖ ಪೂರ್ತಿ ಸಿಗುವುದು ನಟ್ಟನಡುವೆ ಕೂತವರಿಗೆ. ಅಂಚಿಗೆ ಹೋದಷ್ಟೂ ಪಕ್ಕದ ಡಬ್ಬಿ ಕಿವಿ ತಿನ್ನುತ್ತದೆ. ಇದು ನಮ್ಮ ಕಡೆಯ ಸಭೆಗಳಿಗೆ ಒಗ್ಗುವ ಮಾತೇ ಅಲ್ಲ. ಗಣ್ಯರೆಂದರೆ ಮುಂದಿನ ಸಾಲು, ಅಲ್ಲಿ ಸೋಫಾ. ಬಬಲೇಶ್ವರದಲ್ಲಿ ಏನಾಯಿತು ಕೇಳಿ. ನಾವು ಎಂಟೂ ಡಬ್ಬಿ ದುಂಡಗೆ ಇಟ್ಟು ಊಟಕ್ಕೆ ಹೋಗಿದ್ದೆವು. ಬಂದು ನೋಡಿದರೆ ನಾಲ್ಕು ಎಡಕ್ಕೆ, ನಾಲ್ಕು ಬಲಕ್ಕೆ, ವೇದಿಕೆಯ ಆಚೀಚೆ ಒಂದರ ಮೇಲೊಂದು ಪೇರಿಸಿ ನಿಲ್ಲಿಸಿದ್ದಾರೆ. ಮೇಲಿನ ಎರಡಕ್ಕೆ ಹೂವಿನ ಹಾರ ಬೇರೆ.

ಕಮಿಟಿಯ ಹಿರಿಯರು ಹೆಮ್ಮೆಯಿಂದ ಮುಂದೆ ಬಂದರು. “ಮಂದಿ ಬೆನ್ನಿಗೆ ಹಚ್ಚಿ ಹೋಗಿದ್ರಲ್ರಿ ಸರ್, ಹುಡುಗೂರು ಮರ್ತಿರಬೇಕಂತ ನಾವ ಸರಿ ಮಾಡೀವಿ.”

ಮೆಹಬೂಬಣ್ಣ ತಲೆ ಮೇಲೆ ಕೈ ಹೊತ್ತು ಕೂತ. ಮಾಸ್ತರರು ಮಾತ್ರ ಕೈ ಮುಗಿದರು. “ಭಾಳ ಉಪಕಾರ ಆತ್ರಿ. ನಾ ಒಂದು ವಿಚಾರ ಮಾಡಿದ್ದೆ. ನಟ್ಟನಡುವ ಮುಖ್ಯ ಅತಿಥಿಗಳ ಸೋಫಾ, ಸುತ್ತಲೂ ಎಂಟು ಡಬ್ಬಿ ಕಾವಲಾ. ಇಂಥಾ ಮಾನ ಬೆಂಗಳೂರಾಗೂ ಯಾರಿಗೂ ಸಿಕ್ಕಿಲ್ಲ. ಇರಲಿ ಬಿಡ್ರಿ, ಈ ಊರಿಗೆ ಅದು ಬ್ಯಾಡಂದ್ರ ಬ್ಯಾಡ.” ಅಷ್ಟೇ. ಚಹಾ ತಣ್ಣಗಾಗುವಷ್ಟರಲ್ಲಿ ಸೋಫಾ ನಡುವಿಗೆ ಬಂತು, ಡಬ್ಬಿಗಳು ಸುತ್ತಲೂ ನಿಂತವು. ಹೊತ್ತವರು ಕಮಿಟಿಯವರೇ. ಸಂಜೆ ನಾಟಕದಲ್ಲಿ ನಮ್ಮ ಬಸ್ಸು ಹಿಂದಿನಿಂದ ಬಂದು ಸೋಫಾವನ್ನು ಹಾಯ್ದು ಮುಂದೆ ಹೋಯಿತು. ಮುಖ್ಯ ಅತಿಥಿಗಳು ಎರಡೂ ಕಾಲು ಮೇಲೆತ್ತಿಕೊಂಡರು. ಮಾಸ್ತರರು ಬಡಿಗಿ ಹಿಡಿದು ನಗುತ್ತಿದ್ದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ.

ಮಮದಾಪುರದಲ್ಲಿ ದ್ಯಾವಮ್ಮನೆಂಬ ಮುದುಕಿಯನ್ನು ಕಾಡಿದ್ದು ಇನ್ನೂ ಅನ್ಯಾಯ. ಆಡು ಕಾಯುವ ಹೆಂಗಸು, ನಡುವೆ ಕೂತಿದ್ದಳು. ಮಾಸ್ತರರು ಒಂದು ಆಡಿನ ಮರಿಯ ಕೂಗನ್ನು ಅವಳ ಎಡಕ್ಕೆ, ಹಿಂದಕ್ಕೆ, ದೂರಕ್ಕೆ ಮೇಯಿಸಿಕೊಂಡು ಹೋದರು. ದ್ಯಾವಮ್ಮ ಕಣ್ಣು ಬಿಟ್ಟು, “ಯವ್ವಾ, ನನ್ನ ಮರಿ ತಪ್ಪಿಸಿಕೊಂಡೈತಿ” ಎಂದು ಎದ್ದು ಕೆರೆಯ ಕಡೆ ಹೋಗಿಯೇಬಿಟ್ಟಳು. ನಾಟಕ ನಿಲ್ಲಿಸಿ ನಾವೆಲ್ಲ ಅವಳನ್ನು ಹುಡುಕಲು ಹೋದೆವು. ಸಿಕ್ಕಾಗ ಮಾಸ್ತರರು ನಿಜ ಹೇಳಿದರು. ಅವಳು ಅವರನ್ನು ಬೈದ ಬೈಗುಳ ಇಲ್ಲಿ ಬರೆಯಲು ಬರುವುದಿಲ್ಲ. ಮಾಸ್ತರರು ಅದನ್ನು ಪ್ರಶಸ್ತಿಯಂತೆ ಊರೆಲ್ಲ ಹೇಳಿಕೊಂಡು ತಿರುಗಿದರು.

ಇಂಥ ಮನುಷ್ಯನಿಗೆ ಒಂದು ಬೆಳಗ್ಗೆ ಏಳುವಾಗ ಎಡಗಿವಿ ಕೇಳಿಸಲಿಲ್ಲ.

ನಮಗದು ಹೇಗೆ ಗೊತ್ತಾಗಬೇಕು? ಅವರು ಹೇಳಲಿಲ್ಲ. ನಡೆಯುವಾಗ ಎಲ್ಲರನ್ನೂ ಬಲಕ್ಕೇ ದೂಡತೊಡಗಿದರು, ಅಷ್ಟೇ. ಎಡಕ್ಕೆ ಹೋದರೆ ತೋಳು ಹಿಡಿದು ಈಚೆಗೆ ಎಳೆಯುತ್ತಿದ್ದರು. ಕೇಳಿದರೆ “ಎಡಕ್ಕ ನನ್ನ ಗ್ರಹಚಾರ ನಡದೈತಿ” ಎನ್ನುತ್ತಿದ್ದರು. ಬೆರಳ ಪರೀಕ್ಷೆ ಮಾತ್ರ ವಿಪರೀತ ಹೆಚ್ಚಾಯಿತು. ಹಲ್ಲಿ ಲೊಚಗುಟ್ಟಿದರೂ ತೋರಿಸಬೇಕು.

ಒಂದು ದಿನ ವೈನಿ ನನ್ನನ್ನು ಅಡುಗೆಮನೆಗೆ ಕರೆದರು. “ನಿಮಗೊಬ್ಬರಿಗೇ ಹೇಳಾಕತ್ತೇನಿ ಅಕ್ಕೋರ, ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಅವರದು ಎಡಗಿವಿ ಹೋಗೇತಿ. ಡಾಕ್ಟರು ಇನ್ನ ಬರಾಂಗಿಲ್ಲ ಅಂದಾರ. ಒಂದ ಕಿವೀಲೆ ಸದ್ದ ಕೇಳತೈತಂತ, ಎಲ್ಲಿಂದ ಬಂತಂತ ತಿಳಿಯಾಂಗಿಲ್ಲಂತ. ಮಂದಿಗೆ ಗೊತ್ತಾದ್ರ ಬಡಿಗಿ ಕಸ್ಗೊಂಡು, ಶಾಲು ಹೊಚ್ಚಿ ಮೂಲ್ಯಾಗ ಕುಂದ್ರಸ್ತಾರ ಅಂತ ಹಗಲೆಲ್ಲಾ ಅದ ಚಿಂತಿ ಮಾಡ್ತಾರ.” ಸೆರಗಿನಿಂದ ಕಣ್ಣೊರೆಸಿಕೊಂಡರು. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ, ಕೊಟ್ಟ ಹಾಗೆ ನಡೆದುಕೊಂಡೆ. ಮೆಹಬೂಬಣ್ಣನಿಗೂ ವೈನಿ ಅವನೊಬ್ಬನಿಗೇ ಹೇಳಿದ್ದರು. ಗುರುಬಸಪ್ಪನಿಗೂ, ಉಳಿದವರಿಗೂ. ಹೀಗಾಗಿ ತಂಡದಲ್ಲಿ ಪ್ರತಿಯೊಬ್ಬರೂ ತಾವೊಬ್ಬರೇ ಗುಟ್ಟು ಕಾಯುತ್ತಿದ್ದೇವೆಂದು ಗಂಭೀರವಾಗಿ ತಿರುಗಾಡುತ್ತಿದ್ದರು.

ಆ ಹೊತ್ತಿಗೆ ಮಾಸ್ತರರು ಕೆರೆಯ ನಾಟಕ ಕಟ್ಟುತ್ತಿದ್ದರು. ಮಮದಾಪುರದ ಕೆರೆಯ ದಂಡೆಯ ಒಂದು ದಿನ: ಎಮ್ಮೆ, ಬಟ್ಟೆ ಒಗೆಯುವ ಹೆಂಗಸರು, ಕೊನೆಯ ಬಸ್ಸು. ಎಲ್ಲ ಮುಗಿದ ಮೇಲೆ ದಂಡೆಯಿಂದ ಪಾರಿವಾಳಗಳ ಹಿಂಡು ಎದ್ದು, ಜನರ ನೆತ್ತಿಯ ಮೇಲೆ ಹಾಯ್ದು, ಆಚೆ ಹೋಗಬೇಕು. ಅದಕ್ಕೆಂದೇ ನಾಲ್ಕು ಸಣ್ಣ ಡಬ್ಬಿಗಳನ್ನು ಬಿದಿರಿಗೆ ಕಟ್ಟಿ ಮೇಲೆ ತೂಗುಬಿಟ್ಟಿದ್ದರು. ಅವು ಲೆಕ್ಕಕ್ಕಿಲ್ಲ, ಮರಿಗಳು. ಹಾಳು ಗುಮ್ಮಟವೊಂದರಲ್ಲಿ ದಿನಗಟ್ಟಲೆ ಕೂತು, ನಾಲ್ಕು ಕಿವಿಯ ಒಂದು ವಿಚಿತ್ರ ಮೈಕಿನಲ್ಲಿ ಆ ರೆಕ್ಕೆಯ ಸದ್ದು ಹಿಡಿದು ತಂದಿದ್ದರು. ಪರದೆಯ ಮೇಲೆ ಚುಕ್ಕೆ ಸರಿಯಾಗಿಯೇ ಹಾರುತ್ತಿತ್ತು. ಆದರೆ ಬಯಲಿನಲ್ಲಿ ಗೋಡೆ, ಗಿಡ, ಗಾಳಿ ಎಲ್ಲ ಸೇರಿ ಸದ್ದನ್ನು ಬೇರೆ ಕಡೆ ಎಳೆಯುತ್ತವೆ. ಅದನ್ನು ಸರಿ ಮಾಡಬೇಕೆಂದರೆ ಎರಡು ಕಿವಿ ಬೇಕೇ ಬೇಕು.

“ಪಾರಿವಾಳ ಬೇವಿನ ಗಿಡದಿಂದ ಟಾಕಿ ಕಡೆ ಹೊಂಟಾವ, ಬೆರಳ ಹಿಡೀರಿ” ಎನ್ನುತ್ತಿದ್ದರು. ನಮಗೆ ಸದ್ದು ಕಾಲಬುಡದಲ್ಲೇ ಕೇಳುತ್ತಿತ್ತು. ಪಾಪ, ಒಂದು ಕಿವಿಯ ಮನುಷ್ಯ, ಅವರಿಗೆ ಹೇಗೆ ಹೇಳುವುದು? ಬೇವಿನ ಗಿಡದಿಂದ ಟಾಕಿಯ ತನಕ ಬೆರಳು ಒಯ್ಯುತ್ತಿದ್ದೆವು. ಅವರ ಮುಖ ಅರಳುತ್ತಿತ್ತು. ನಮಗೂ ಪುಣ್ಯ ಬಂದ ಹಾಗಾಗುತ್ತಿತ್ತು.

ಮೊದಲ ಪ್ರಯೋಗ ಬಿಜ್ಜರಗಿಯಲ್ಲಿ, ಅವರು ಹುಟ್ಟಿದ ಊರಿನಲ್ಲಿ. ಪಾರಿವಾಳ ಎದ್ದವು. ಒಂದು ತಲೆಯೂ ಮೇಲೇಳಲಿಲ್ಲ. ಮುಗಿದ ಮೇಲೆ ದ್ರಾಕ್ಷಿ ತೋಟದ ಗೌಡರೊಬ್ಬರು ಅವರ ಕೈ ಹಿಡಿದು, “ಎಲ್ಲಾ ಬೆಷ್ಟ ಆತ್ರಿ ಮಾಸ್ತರ. ಕಡೀಕ ಆ ಕೋಳಿ ಕೆದರೂದಂತೂ ಖರೇನ ಅನಿಸ್ತು” ಎಂದರು. ಮಾಸ್ತರರು ನಕ್ಕರು. ಊರಿಗೆ ಮರಳುವ ತನಕ ಟೆಂಪೋದಲ್ಲಿ ಲ್ಯಾಪ್‌ಟಾಪು ತೆರೆದು ಆ ಚುಕ್ಕೆಯನ್ನೇ ಮತ್ತೆ ಮತ್ತೆ ಹಾರಿಸಿ ನೋಡುತ್ತಿದ್ದರು.

ಮರುದಿನವೇ ತಾಲೀಮು ಇಟ್ಟರು. “ಕಣ್ಣ ಮುಚ್ರಿ. ಬೇವಿನ ಗಿಡದಿಂದ ಟಾಕಿ ಮಟಾ. ಹಾಂ, ಬಿಟ್ಟೆ ನೋಡ್ರಿ ಪಾರಿವಾಳ.”

ನನಗೆ ಏನೂ ಕೇಳಿಸಲಿಲ್ಲ. ಸದ್ದು ಸಣ್ಣದಿರಬೇಕು, ಉಳಿದವರಿಗೆ ಕೇಳಿಸುತ್ತಿರಬೇಕು ಅಂದುಕೊಂಡೆ. ಬೆರಳೆತ್ತಿ ನಿಧಾನಕ್ಕೆ ಟಾಕಿಯ ಕಡೆ ಒಯ್ದೆ. ಪಕ್ಕದಲ್ಲಿ ಗುರುಬಸಪ್ಪ, “ಆಹಾ, ಏನ ಹಾರಾಕತ್ತಾವ್ರಿ ಸರ್!” ಎಂದ.

“ಕಣ್ಣ ತೆರೀರಿ.”

ತೆರೆದೆವು. ಮಾಸ್ತರರ ಕೈಯಲ್ಲಿ ಡಬ್ಬಿಗಳ ಕರೆಂಟಿನ ಪ್ಲಗ್ಗು ಇತ್ತು. ಕಿತ್ತು ಹಿಡಿದುಕೊಂಡಿದ್ದರು. ನಮ್ಮೆಲ್ಲರ ಬೆರಳೂ ಒಂದೇ ಟಾಕಿಯ ಮೇಲೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ವೈನಿ ಕೂಡ ಸೌಟಿನಿಂದ ಅಲ್ಲಿಗೇ ತೋರಿಸುತ್ತಿದ್ದರು.

“ಖೋಡಿಗೋಳ!” ಎಂದು ಕೂಗಿದರು ಮಾಸ್ತರರು. “ಕರೆಂಟ್ ಇಲ್ಲದ ಪಾರಿವಾಳ ಹಾರಿಸ್ತೀರಿ?” ಸ್ಕ್ರೂಡ್ರೈವರ್ ಎಸೆದರು, ಬಡೇಸೋಪು ಚೆಲ್ಲಿತು. ಆಮೇಲೆ ಅವರ ದನಿ ಕುಸಿಯಿತು. “ನನ್ನ ಒಂದು ಕಿವಿ ದೇವರು ಕಸ್ಗೊಂಡ. ಹೋಗಲಿ, ಇಷ್ಟು ಮಂದಿದು ಅದಾವಲ್ಲ ಅಂತ ಧೈರ್ಯಾ ಮಾಡಿ ಬಡಿಗಿ ಹಿಡದಿದ್ದೆ. ಈಗ ನೀವೂ ಸುಳ್ಳ ಹೇಳಿದ್ರ ನಾ ಯಾರನ್ನ ಕೇಳ್ಲಿ? ಹೇಳ್ರಿ, ಯಾರನ್ನ ಕೇಳ್ಲಿ?”

ಗುರುಬಸಪ್ಪ ಎಮ್ಮೆಯ ದನಿಯಲ್ಲಿ ಅತ್ತುಬಿಟ್ಟ. ವೈನಿ, “ಎಲ್ಲಾ ನಂದ ತಪ್ಪು” ಎಂದರು. “ನಿಂದಲ್ದ ಇನ್ನ ಯಾರದು? ಒಬ್ಬೊಬ್ಬರನ್ನ ಕರದು ಅವರಿಗೊಬ್ಬರಿಗೇ ಹೇಳಾಕಿ!” ಎಂದರು ಮಾಸ್ತರರು. ನಮ್ಮ ನಮ್ಮ ಮುಖ ನೋಡಿಕೊಂಡೆವು. ನಗು ತಡೆಯಲಾಗಲಿಲ್ಲ. ಮೊದಲು ನಕ್ಕವರು ಅವರೇ.

ಅಂದಿನಿಂದ ಬಯ್ಯುವುದೇ ನಮ್ಮ ಕೆಲಸವಾಯಿತು. “ಹೊಲಸಾಗೇದ್ರಿ ಸರ್, ಹೂತು ಹೋದುವು.” “ಇನ್ನ ಮ್ಯಾಲ ಎತ್ರಿ.” “ಬೇವಿನ ಗಿಡದಾಗ ಸಿಕ್ಕೊಂಡ ಒದ್ದಾಡಾಕತ್ತಾವ.” ಬೈದಷ್ಟೂ ಅವರು ಹುರುಪಾದರು. ಮರಿ ಡಬ್ಬಿಗಳನ್ನು ಎತ್ತರಿಸಿದರು, ಗೋಡೆಯ ಹತ್ತಿರದ ಡಬ್ಬಿಯನ್ನು ಹೊರಳಿಸಿದರು, ನಮ್ಮ ಬೆರಳು ನೋಡುತ್ತ ಮೇಯಿಸುವುದನ್ನು ಹೊಸದಾಗಿ ಕಲಿತರು.

ಮಮದಾಪುರದ ಪ್ರಯೋಗದ ದಿನ ದ್ಯಾವಮ್ಮ ಮತ್ತೆ ಬಂದಿದ್ದಳು. ಈ ಸಲ ಆಡಿನ ಮರಿಯನ್ನು ಮಡಿಲಲ್ಲಿ ಹಿಡಿದೇ ಕೂತಿದ್ದಳು, ನಂಬಿಕೆಯಿಲ್ಲ ಎಂದು. ಕೊನೆಯಲ್ಲಿ ಪಾರಿವಾಳ ಎದ್ದವು. ಮಾಸ್ತರರು ಪರದೆಯನ್ನು ನೋಡಲೇ ಇಲ್ಲ. ಜನರ ತಲೆಗಳನ್ನೇ ನೋಡುತ್ತಿದ್ದರು. ಕಣ್ಣು ಮುಚ್ಚಿದ ಆ ತಲೆಗಳೆಲ್ಲ ಸೂರ್ಯಕಾಂತಿಯ ಹೊಲದ ಹಾಗೆ ಮೆಲ್ಲಗೆ ಮೇಲಕ್ಕೆದ್ದು, ದಂಡೆಯಿಂದ ಆಚೆಗೆ ಹೊರಳಿದವು. ದ್ಯಾವಮ್ಮನ ಬೆರಳು ಯಾರೂ ಹೇಳದೆಯೇ ನೆತ್ತಿಯ ಮೇಲೆ ಹಾಯ್ದು ಕೆರೆಯ ಆಚೆಗೆ ಹೋಗಿ ನಿಂತಿತು. ಮಡಿಲಲ್ಲಿದ್ದ ಮರಿಯೂ ಕತ್ತೆತ್ತಿತ್ತು. ಮರಿ ಕತ್ತೆತ್ತಿದ್ದು ಪಾರಿವಾಳಕ್ಕಲ್ಲ, ಮೇಲೆ ತೂಗುತ್ತಿದ್ದ ವೈರು ತಿನ್ನಲಿಕ್ಕೆ ಎಂದು ನಾನು ಆಮೇಲೆ ಹೇಳಿದೆ. ಮಾಸ್ತರರು ಒಪ್ಪಲೇ ಇಲ್ಲ.

ಆಮೇಲೂ ಹಲವು ಊರುಗಳಲ್ಲಿ ಆ ಪಾರಿವಾಳಗಳು ಹಾರಿದವು. ಬಡಿಗಿ ಕೊನೆಯ ತನಕ ಅವರ ಕೈಯಲ್ಲೇ ಇತ್ತು. ಶಾಲು ಹೊದಿಸಲು ಬಂದವರನ್ನೆಲ್ಲ ಅವರು, “ಹೊಚ್ಚೋದಿದ್ರ ಡಬ್ಬಿಗೆ ಹೊಚ್ರಿ, ಧೂಳ ಬೀಳತದ” ಎಂದು ಸಾಗಹಾಕಿದರು. ಹೋದ ತಿಂಗಳು ಒಂದು ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ.

ಸಭೆಯ ಕೊನೆಗೆ ಅಧ್ಯಕ್ಷರು, “ಈಗ ಎಲ್ಲರೂ ಎದ್ದು ನಿಂತು, ಕಣ್ಣು ಮುಚ್ಚಿ, ಎರಡು ನಿಮಿಷ ಮೌನ ಆಚರಿಸೋಣ” ಎಂದರು. ಎದ್ದೆವು. ಕಣ್ಣು ಮುಚ್ಚಿದೆವು. ಹೊರಗೆ ಸಿದ್ಧೇಶ್ವರ ಗುಡಿಯ ಓಣಿಯ ಗದ್ದಲವೂ ಯಾಕೋ ದೂರ ಸರಿದಂತಿತ್ತು. ನನ್ನ ಕೈ ತಾನಾಗಿಯೇ ಎದ್ದಿತು. ಬೆರಳು ಹಿಂದಕ್ಕೆ ಹೋಯಿತು, ತಿಕೋಟಾದ ಆ ಕೆಮ್ಮು ಬಂದ ಕಡೆಗೆ. ನಾಚಿಕೆಯಾಗಿ ಅರ್ಧ ಕಣ್ಣು ತೆರೆದು ನೋಡಿದೆ. ಮೆಹಬೂಬಣ್ಣನ ಬೆರಳು ಸೂರಿನ ಕಡೆಗಿತ್ತು. ಗುರುಬಸಪ್ಪನದು ಬಾಗಿಲ ಕಡೆಗೆ. ಅಧ್ಯಕ್ಷರು ಒಂದು ಕಣ್ಣು ಬಿಟ್ಟು ಇದೇನಿದು ಎಂದು ನಮ್ಮನ್ನು ನೋಡುತ್ತಿದ್ದರು. ನಮ್ಮ ತಂಡದವರೆಲ್ಲ ಕೈಯೆತ್ತಿದ್ದರು, ಒಬ್ಬರ ಬೆರಳು ಇದ್ದ ಕಡೆ ಇನ್ನೊಬ್ಬರದು ಇರಲಿಲ್ಲ. ಈ ಸಲ ಯಾರೂ ಸುಳ್ಳು ಹೇಳುತ್ತಿರಲಿಲ್ಲ.

ಮುಂದಿನ ಸಾಲಿನಲ್ಲಿ ವೈನಿ ಕಣ್ಣು ಬಿಗಿಯಾಗಿ ಮುಚ್ಚಿ ನಿಂತಿದ್ದರು. ಇಷ್ಟು ವರ್ಷ ಮಾಸ್ತರರ ಬಲಕ್ಕೇ ನಿಂತು ರೂಢಿಯಾದವರು, ಅಂದೂ ತಮ್ಮ ಎಡಕ್ಕೆ ಒಂದು ಕುರ್ಚಿ ಖಾಲಿ ಬಿಟ್ಟುಕೊಂಡಿದ್ದರು. ಅವರ ಬೆರಳು ಆ ಕುರ್ಚಿಯ ಕಡೆಗಿತ್ತು.